ಹೈಸ್ಕೂಲಿನಲ್ಲಿ ಮಾನಸಿಕ ಆರೋಗ್ಯ ಕ್ಲಬ್: ಹೇಗೆ ಶುರು ಮಾಡೋದು?

ಪ್ರಶ್ನೆ (ಶಿಕ್ಷಕಿ, ಕುಷ್ಟಗಿ ತಾಲ್ಲೂಕು)
ಎಂಟು, ಒಂಬತ್ತನೇ ತರಗತಿ ಮಕ್ಕಳ ಕ್ಲಬ್‌ಗೆ ಹೆಡ್‌ಮಾಸ್ಟರ್ ಒಪ್ಪಿದ್ದಾರೆ, ಶನಿವಾರದ ಕೊನೇ ಪಿರಿಯಡ್ ಸಿಗುತ್ತೆ. ನಮ್ಮಲ್ಲಿ ‘ಮೆಂಟಲ್’, ‘ಹುಚ್ಚ’ ಅನ್ನೋದು ದಿನನಿತ್ಯದ ಬೈಗುಳ. ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನಕ್ಕೆ, ಭಾಷಣ, ಪೋಸ್ಟರ್ ಮಾಡಿಸಿದರೆ ಸಾಕಾ?

ಉತ್ತರ 1 (ಆಪ್ತ ಸಮಾಲೋಚಕ, ಬಳ್ಳಾರಿ)
ಸಾಲದು ಮೇಡಂ. ಭಾಷಣದಿಂದ ಮಾಹಿತಿ ಸಿಗುತ್ತೆ, ಮಾನಸಿಕ ಕಾಯಿಲೆ ಇರುವವರ ಪಕ್ಕದಲ್ಲಿ ಕೂರುವ ಧೈರ್ಯ ಬರಲ್ಲ. ಅದು ಬರೋದು ಚೇತರಿಸಿಕೊಂಡ ಒಬ್ಬರನ್ನ ಎದುರಿಗೆ ಕಂಡು ಮಾತಾಡಿದಾಗ. ತಾವಾಗೇ ಒಪ್ಪಿದ ವಯಸ್ಕರೇ ಬರಲಿ. ಚಿಕಿತ್ಸೆ, ಕೆಲಸ, ಮನೆ ಬಗ್ಗೆ ಹೇಳಲಿ. ಸಾಯಲು ಯತ್ನಿಸಿದ ವಿವರ ಮಾತ್ರ ಬೇಡ, ಮುಂಚೆಯೇ ಹೇಳಿಡಿ.

15-20 ಮಕ್ಕಳು ಸಾಕು, 40 ನಿಮಿಷ ಸಾಕು. ನಾಟಕ ಮಾಡಿಸಿದರೆ ಹರಿದ ಅಂಗಿ, ಕೆದರಿದ ಕೂದಲಿನ ಪಾತ್ರ ಬಂದೇ ಬರುತ್ತೆ. ಎಲ್ಲರೂ ನಗ್ತಾರೆ, ಕಳಂಕ ಇನ್ನೂ ಗಟ್ಟಿಯಾಗುತ್ತೆ. ಅದರ ಬದಲು ಇಷ್ಟು ಆಡಿಸಿ: ಗೆಳತಿ ಎರಡು ವಾರದಿಂದ ನಿದ್ದೆ ಇಲ್ಲ ಅಂತಾಳೆ, ಊಟದ ಡಬ್ಬಿ ಬಿಚ್ಚಲ್ಲ. ಪಕ್ಕದವಳು ಮೊದಲ ಮಾತು ಏನಾಡಬೇಕು?

ಪ್ರಶ್ನೆ ಪೆಟ್ಟಿಗೆ ಇಟ್ಟರೆ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ, ದಿನಾ ತೆಗೀರಿ. ವಾರಕ್ಕೊಮ್ಮೆ ತೆಗೆದರೆ ‘ಬದುಕಬೇಕು ಅನಿಸ್ತಿಲ್ಲ’ ಅನ್ನೋ ಚೀಟಿ ಆರು ದಿನ ಒಳಗೇ ಬಿದ್ದಿರುತ್ತೆ. ಮಕ್ಕಳು ಸಮಾಲೋಚಕರಾಗಕೂಡದು. ಸಾಯೋ ಮಾತು, ಹೊಡೆತ, ದೌರ್ಜನ್ಯ, ಬಾಲ್ಯವಿವಾಹ: ಇವು ಗುಟ್ಟಲ್ಲ, ಅದೇ ದಿನ ಟೀಚರ್‌ಗೆ ತಿಳಿಸಬೇಕು. ಈ ನಿಯಮ ಮೊದಲ ದಿನವೇ ಬೋರ್ಡ್ ಮೇಲೆ ಬರೀರಿ.

ಉತ್ತರ 2 (ಆರೋಗ್ಯ ಇಲಾಖೆ ನೌಕರ, ಸಿಂಧನೂರು)
ಕ್ಲಬ್ಬಿನಿಂದ ಮುಂದಕ್ಕ ಕಳಿಸೋ ದಾರಿ ಮೊದಲ ಗಟ್ಟಿ ಮಾಡ್ಕೋರಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕ ಹೆಡ್‌ಮಾಸ್ಟರ್ ಸಹಿ ಮಾಡಿದ ಪತ್ರ ಕೊಡ್ರಿ. ತಾಲ್ಲೂಕು ಆಸ್ಪತ್ರ್ಯಾಗ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ (ಮನಸ್ಸಿನ ಕಾಯಿಲೆ ನೋಡೋ ಕ್ಲಿನಿಕ್) ಯಾವ ಹೊತ್ತಿಗೆ ನಡೀತದ, ಕೇಳಿಟ್ಕೋರಿ. ಮನಸ್ಸಿನ ತೊಂದ್ರಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098, ಎರಡೂ ಹಗಲೂರಾತ್ರಿ ಸಿಗ್ತಾವ, ಪುಕ್ಕಟೆ. ನಂಬರ್ ನೋಟಿಸ್ ಬೋರ್ಡಿಗೆ ಹಚ್ಚಿದ್ರ ಯಾರೂ ನಿಂತು ಬರಕೊಳ್ಳಲ್ಲ, ನಾಕು ಮಂದಿ ನೋಡ್ತಾರಲ್ಲ! ಡೈರಿ ಹಿಂದಿನ ಪುಟದಾಗ ಎಲ್ಲಾರ ಕಡಿಂದನೂ ಬರೆಸ್ರಿ.

ಅಂದಂಗ, ಈ ಜಿಲ್ಲಾ ಕಾರ್ಯಕ್ರಮ 1996ರಾಗ ದೇಶದಾಗ ಶುರುವಾಗಿದ್ದು ನಿಮ್ಹಾನ್ಸ್‌ನವರು 1980ರ ದಶಕದಾಗ ನಮ್ಮ ಬಳ್ಳಾರ್‍ಯಾಗ ಮಾಡಿ ತೋರಿಸಿದ ಮಾದರಿ ಮ್ಯಾಲೆ. ಮಕ್ಕಳಿಗೆ ಹೇಳ್ರಿ, ಖುಷಿ ಪಡ್ತಾರ.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್. ‘ಗಾಳಿ ಸೋಕೇದ, ದರ್ಗಾಕ್ಕ ಒಯ್ತೀವಿ’ ಅನ್ನೋ ಪಾಲಕರಿಗೆ?

ಉತ್ತರ 2
ವಾದಕ್ಕ ಇಳೀಬ್ಯಾಡ್ರಿ, ನಾಳಿಂದ ಹುಡುಗಿನ್ನ ಕ್ಲಬ್ಬಿಗೇ ಕಳಿಸಲ್ಲ. ‘ಹರಕೆನೂ ತೀರಿಸ್ರಿ, ಮಂಗಳವಾರ ಒಂದ್ಸಲ ಡಾಕ್ಟರಿಗೂ ತೋರಿಸ್ರಿ, ಗುಳಿಗಿ ಕೊಟ್ರ ನಡುವ ಬಿಡಬ್ಯಾಡ್ರಿ’ ಅನ್ರಿ. ಆಶಾ ಅಕ್ಕಾರನ್ನ ಜೋಡಿ ಕರ್ಕೊಂಡು ಹೋಗ್ರಿ, ಆ ಮನಿ ಬಾಗಿಲು ಅವರಿಗೆ ಲಗೂನ ತೆರೀತದ.