ದಿನಾ ಮಳೆ ಅಳೆದು ಬರೆದಿಡುವವರು ಇದ್ದೀರಾ?

ದಾವಣಗೆರೆಯಿಂದ ಕೇಳುತ್ತಿದ್ದೇನೆ. ಅಕ್ಟೋಬರ್ 1ರಿಂದ ದಿನಾ ಮಳೆ, ತಾಪಮಾನ ಬರೆದಿಡುತ್ತಿದ್ದೇನೆ. ಮಳೆಗೆ ಕತ್ತರಿಸಿದ ಕೂಲ್‌ಡ್ರಿಂಕ್ಸ್ ಬಾಟಲಿ, ತಾಪಕ್ಕೆ ಟೆರೇಸಿನ ಗೋಡೆಗೆ ಹೊಡೆದ ಥರ್ಮಾಮೀಟರ್. ಸಂಜೆ ಫೋನ್ 31 ಅಂದರೆ ನನ್ನದು 37 ಅನ್ನುತ್ತದೆ. ಎರಡು ಬೀದಿ ಆಚೆ ಇರುವ ತಂಗಿಯೂ ಅಳೆಯುತ್ತಾಳೆ, ಅವಳ ಲೆಕ್ಕಕ್ಕೂ ನನ್ನದಕ್ಕೂ ತಾಳೆಯೇ ಇಲ್ಲ. ನಡುವೆ ಊರಿಗೆ ಹೋಗಿ ನಾಲ್ಕು ದಿನ ತಪ್ಪಿತು. ಮುಂದುವರಿಸಲಾ, ಸುಮ್ನೆ ಬಿಟ್ಟುಬಿಡಲಾ?

ಕೊಪ್ಪದಿಂದ:
ಬಿಡಬೇಡಿ ಮೇಡಂ. ತಾಳೆಯಾಗದಿದ್ದರೆ ಅದು ನಿಮ್ಮ ತಪ್ಪಲ್ಲ, ಈಗಿನ ಮಳೆಯೇ ಹಾಗೆ. ಜುಲೈಯಲ್ಲಿ ಹಿಡಿದರೆ ಇಡೀ ಸೀಮೆಗೆ ಹಿಡಿಯುತ್ತದೆ. ಅಕ್ಟೋಬರಿನಲ್ಲಿ ಮಧ್ಯಾಹ್ನದವರೆಗೆ ಬಿಸಿಲು ಕಾದು, ಸಂಜೆ ಮೋಡ ಎದ್ದು, ಗುಡುಗಿ ಒಂದು ಕಡೆ ಸುರಿದು ಹೋಗುತ್ತದೆ. ನಮ್ಮ ಮೇಲಿನ ತೋಟಕ್ಕೆ ಒಂದೂವರೆ ಇಂಚು, ಕೆಳಗಿನ ಗದ್ದೆಗೆ ಹತ್ತೇ ಸೆಂಟು ಬಿದ್ದ ದಿನ ಇದೆ. (ತೋಟದವರು ಇನ್ನೂ ಇಂಚು, ಸೆಂಟಲ್ಲೇ ಮಾತಾಡುತ್ತೇವೆ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್.) "ಕುರುಡು ಚಿತ್ತೆ ಎರಚಿದತ್ತ ಬೆಳೆ" ಅಂತ ಹಿರಿಯರು ಸುಮ್ನೆ ಹೇಳಿದರಾ?

ಆದರೆ ಹೊತ್ತು ತಪ್ಪಿಸಬೇಡಿ. ಬೆಳಗ್ಗೆ 8:30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯ ಮಳೆ ಲೆಕ್ಕವೂ 8:30ರಿಂದ ಮರುದಿನ 8:30ರವರೆಗೆ. ನಿನ್ನೆ ಸಂಜೆ ಸುರಿದದ್ದು ಇವತ್ತಿನ ತಾರೀಖಿಗೆ ಬರುತ್ತದೆ. ನಾನು ಮೊದಲ ವರ್ಷ ಮನಸ್ಸು ಬಂದಾಗ ಅಳೆದೆ. ಆ ಪುಸ್ತಕ ಈಗ ಯಾತಕ್ಕೂ ಬರುವುದಿಲ್ಲ.

ಬೆಂಗಳೂರಿನಿಂದ:
ಗೋಡೆಯಿಂದ ಥರ್ಮಾಮೀಟರ್ ತೆಗೀರಿ! ಅದು ಅಳೆಯುತ್ತಿರುವುದು ಗೋಡೆಯ ಬಿಸಿಯನ್ನು. ಹಗಲೆಲ್ಲ ಬಿಸಿಲು ಕುಡಿದ ಗೋಡೆ ಸಂಜೆ ಅದನ್ನು ವಾಪಸ್ ಬಿಡುತ್ತದೆ. ನೆರಳಲ್ಲಿ, ನಾಲ್ಕಡಿ ಎತ್ತರದಲ್ಲಿ, ಗಾಳಿ ಆಡುವ ಕಡೆ ಇಡಿ. ನಾನು ಹೂಕುಂಡದ ಕೆಳಗೆ ಇಡುವ ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಬೋರಲು ಹಾಕಿ, ನಡುವೆ ಸಂದು ಬಿಟ್ಟು ಒಂದರ ಮೇಲೊಂದು ಜೋಡಿಸಿ ಗೂಡು ಮಾಡಿದ್ದೇನೆ. ನೋಡೋಕೆ ಜೇನುಗೂಡು. ಮನೆಯವರು ನಗುತ್ತಾರೆ, ನಗಲಿ.

ಬಾಟಲಿಯ ತಳ ಉಬ್ಬುತಗ್ಗು ಇರುತ್ತದಲ್ವಾ, ಅಲ್ಲಿ ಸ್ಕೇಲ್ ಹಿಡಿದರೆ ಲೆಕ್ಕ ತಪ್ಪು. ನೀರನ್ನು ಅಳತೆ ಲೋಟಕ್ಕೆ ಸುರಿದು ಮಿಲಿಲೀಟರಲ್ಲಿ ನೋಡಿ. ಬಾಯಿ 10 ಸೆಂಟಿಮೀಟರ್ ಅಗಲ ಇದ್ದರೆ 78.5 ಮಿಲಿಲೀಟರಿಗೆ 10 ಮಿಲಿಮೀಟರ್ ಮಳೆ. ನೀರಿನ ಟ್ಯಾಂಕಿನ ಪಕ್ಕ ಇಡಬೇಡಿ. ಟ್ಯಾಂಕ್ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಬೇಕು.

ಧಾರವಾಡದ ಹತ್ತಿರದ ಹಳ್ಳಿಯಿಂದ:
ಅಕ್ಕಾ, ತಪ್ಪಿದ ನಾಲ್ಕು ದಿನಕ್ಕೆ ಏನು ಬರೆದಿರಿ? ಸೊನ್ನೆ ಬರೆದಿದ್ದರೆ ಹೊಡೆದು ಹಾಕಿ. ಮಳೆ ಬರಲಿಲ್ಲ ಅಂದರೆ 0. ನೋಡಲಿಲ್ಲ ಅಂದರೆ ಗೆರೆ. ಎರಡೂ ಬೇರೆ. ಬಾಟಲಿಯಲ್ಲಿ ನೀರು ನಿಂತಿದ್ದರೆ "ನಾಲ್ಕು ದಿನದ್ದು ಸೇರಿ" ಅಂತ ಬರೆಯಿರಿ, ನಾಲ್ಕರಿಂದ ಭಾಗಿಸಬೇಡಿ. ನಾನು ಮಾಡಿದ ಪೆದ್ದುತನ ಅದು. ಖಾಲಿ ಕಂಡಲ್ಲೆಲ್ಲ ಅಂದಾಜು ತುಂಬಿಸಿದೆ. ಆಮೇಲೆ ಯಾವುದು ಅಳೆದದ್ದು, ಯಾವುದು ಕಟ್ಟಿದ್ದು, ನನಗೇ ಗೊತ್ತಾಗಲಿಲ್ಲ.

ಕೊನೆಗೆ ಒಂದು ಷರಾ ಕಾಲಂ ಇರಲಿ. ಮೂಡಗಾಳಿ ಶುರುವಾದ ದಿನ, ಮೊದಲ ಇಬ್ಬನಿ, ಹಿಂಗಾರಿ ಜೋಳ ಬಿತ್ತಿದ ದಿನ. ನಮ್ಮಪ್ಪ ಸ್ವಾತಿ, ವಿಶಾಖ ಅಂತ ಮಳೆ ಹೆಸರನ್ನೂ ಬರೆಸುತ್ತಾರೆ. ಹಳೇ ಪುಸ್ತಕ ತೆಗೆದಾಗ ನಾನು ಮೊದಲು ಓದುವುದು ಆ ಕಾಲಂನ್ನೇ.

ದಾವಣಗೆರೆಯಿಂದ ಮತ್ತೆ:
ಥರ್ಮಾಮೀಟರ್ ಜಾಗ ಬದಲಾಯಿಸಿದೆ, ನಿನ್ನೆ ಸಂಜೆ ಫೋನಿಗಿಂತ ಒಂದೇ ಡಿಗ್ರಿ ಜಾಸ್ತಿ. ನಾಲ್ಕು ಸೊನ್ನೆ ಹೊಡೆದು ಗೆರೆ ಎಳೆದೆ. ಇವತ್ತು ಮಳೆ ಇಲ್ಲ, ಆದರೂ ಬಾಟಲಿಯ ತಳದಲ್ಲಿ ಎರಡು ಹನಿ ಇತ್ತು. ಏನಂತ ಬರೆಯಲಿ?

ಧಾರವಾಡದ ಹತ್ತಿರದ ಹಳ್ಳಿಯಿಂದ:
ಮಳೆ ಕಾಲಂನಲ್ಲಿ 0. ಷರಾದಲ್ಲಿ "ಇಬ್ಬನಿ".