ಮುಳುಗಡೆ ಮನೆಯಿಂದ ತಂದ ಪುಸ್ತಕಗಳು: ಇನ್ನು ಇ-ಪುಸ್ತಕಕ್ಕೆ ಹೋಗಲಾ?

ಪ್ರಶ್ನೆ (ನವನಗರ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ನಿವೃತ್ತ ಶಿಕ್ಷಕಿ. ಮುಂದಿನ ತಿಂಗಳು ಮಗನ ಹತ್ತಿರ ಪುಣೆಗೆ ಹೋಗುತ್ತಿದ್ದೇನೆ. ಅವನದು ಸಣ್ಣ ಫ್ಲ್ಯಾಟು, ನನ್ನ ಹತ್ತಿರ ಆರುನೂರರ ಮೇಲೆ ಪುಸ್ತಕ. "ಅವ್ವ, ಎರಡು ಡಬ್ಬಿ ತಗೊಂಡು ಬಾ, ಉಳಿದದ್ದನ್ನು ಟ್ಯಾಬಿನಲ್ಲಿ ಓದು" ಅಂತಾನೆ. ಅವನ ಮಾತೂ ಸುಳ್ಳಲ್ಲ.

ಈ ಪುಸ್ತಕಗಳು ಮನೆ ಬಿಡುವುದು ಇದೇ ಮೊದಲಲ್ಲ. ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಗೆ ಹೋಯಿತು. ಆಗ ಅಪ್ಪಾಜಿ ಎಲ್ಲವನ್ನೂ ಖಾಲಿ ಸಿಮೆಂಟ್ ಚೀಲಕ್ಕೆ ತುಂಬಿ ಟ್ರ್ಯಾಕ್ಟರಿನಲ್ಲಿ ನವನಗರಕ್ಕೆ ತಂದರು. ಅಡುಗೆ ಪಾತ್ರೆಗಳು ಮರುದಿನದ ಟ್ರಿಪ್ಪಿಗೆ ಬಂದವು. ಎಷ್ಟು ಒರೆಸಿದರೂ ಕೆಲವು ಪುಸ್ತಕದ ಹೊಲಿಗೆಯ ಸಂದಿಯಲ್ಲಿ ಆ ಬೂದು ಪುಡಿ ಇವತ್ತಿಗೂ ಇದೆ. ಆಮೇಲೆ ನನ್ನ ವರ್ಗಾವಣೆ ಶುರುವಾಯಿತು. ಮುಧೋಳ, ಜಮಖಂಡಿ, ಮತ್ತೆ ಇಲ್ಲಿ. ಪ್ರತಿ ಸಲ ಒಂದಿಷ್ಟು ಕಡಿಮೆಯಾದವು. ಒಂದು ಗಂಟು ಪೂರ್ತಿ ಗೆದ್ದಲಿಗೆ ಹೋಯಿತು.

ಕನ್ನಡ ಓದುವವರಿಗೆ ಇ-ಪುಸ್ತಕ ನಿಜಕ್ಕೂ ಸಾಕಾಗುತ್ತದಾ? ಇ-ಪುಸ್ತಕ ಓದುವ ಆರು ಇಂಚಿನ ರೀಡರ್ ತಗೊಂಡು ನೋಡಿದೆ. ಹಳೇ ಪುಸ್ತಕದ ಸ್ಕ್ಯಾನ್ ಹಾಕಿದರೆ ಅಕ್ಷರ ಇರುವೆ ಸಾಲಿನ ಹಾಗೆ. ದೊಡ್ಡದು ಮಾಡಿದರೆ ಅರ್ಧ ಸಾಲು ಪರದೆಯ ಆಚೆ ಹೋಗುತ್ತದೆ.

ಉತ್ತರ (ಬೆಳಗಾವಿ)

ಅಕ್ಕಾರ, ತಪ್ಪು ರೀಡರಿನದಲ್ಲ, ಫೈಲಿನದು. ಸ್ಕ್ಯಾನ್ ಪಿಡಿಎಫ್ ಅಂದರೆ ಪುಟದ ಫೋಟೋ ಅಷ್ಟೇ. ಅದಕ್ಕೆ ಹತ್ತು ಇಂಚಿನ ಟ್ಯಾಬೇ ಬೇಕು. ಇ-ಪುಸ್ತಕಕ್ಕೆಂದೇ ಮಾಡಿದ ಇಪಬ್ ಫೈಲ್ ಆದರೆ ಅಕ್ಷರ ದೊಡ್ಡದು ಮಾಡಿದಷ್ಟೂ ಸಾಲು ತಾನೇ ಹೊಂದಿಕೊಳ್ಳುತ್ತದೆ. ಗೂಗಲ್ ಪ್ಲೇ ಬುಕ್ಸ್‌ನಲ್ಲಿ ಕನ್ನಡ ಪುಸ್ತಕಗಳಿವೆ. ಕೊಳ್ಳುವ ಮುಂಚೆ ಸ್ಯಾಂಪಲ್ ತೆರೆದು ಒತ್ತಕ್ಷರ ಸರಿ ಕೂತಿದೆಯಾ ನೋಡಿ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು, ಈಗಿನ ಸಾಧನಗಳು ಓದುವ ಯೂನಿಕೋಡಿಗೆ ತರದೆ ಹಾಗೇ ಇಪಬ್ ಮಾಡಿದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಬರುತ್ತದೆ.

ಉತ್ತರ (ವಿಜಯಪುರ)

ಟೀಚರ್, ಇನ್ನೊಂದು ಮಾತು. ದುಡ್ಡು ಕೊಟ್ಟು ಕೊಂಡರೂ ಇ-ಪುಸ್ತಕ ಹೆಚ್ಚಿನ ಕಡೆ ನಮ್ಮ ಸೊತ್ತಲ್ಲ, ಓದುವ ಪರವಾನಗಿ ಮಾತ್ರ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಹಣ ವಾಪಸ್ ಬಂತು, ಪುಸ್ತಕ ಹೋದವು. ಅದಕ್ಕೇ ಮತ್ತೆ ಅಚ್ಚಾಗದ ಪುಸ್ತಕವನ್ನು ದಯವಿಟ್ಟು ಕೈಬಿಡಬೇಡಿ. ನಿಘಂಟುಗಳ ಭಾರ ಮೊದಲು ಇಳಿಸಿ, ಭಾರತವಾಣಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಒಂದೊಂದೇ ತೆಗೆದು ನೋಡಿದೆ. ಕೆಲವದರ ಮೊದಲ ಪುಟದಲ್ಲಿ ಅಪ್ಪಾಜಿ ನೀಲಿ ಶಾಯಿಯಲ್ಲಿ ತಮ್ಮ ಹೆಸರು, ಕೆಳಗೆ ಓಣಿಯ ವಿಳಾಸ ಬರೆದಿದ್ದಾರೆ. ಆ ಓಣಿ ಈಗ ನೀರಿನಲ್ಲಿದೆ. ಅಂಥವು ನಲವತ್ತೆರಡು ಸಿಕ್ಕವು. ಎರಡು ಡಬ್ಬಿ ಅವುಗಳಿಗೇ.

ಕಾದಂಬರಿಗಳನ್ನು ಇನ್ನು ರೀಡರಿನಲ್ಲೇ ಓದುತ್ತೇನೆ. ಇಪಬ್ ಹಾಕಿ ನೋಡಿದೆ, ಸಂಜೆ ಹೊತ್ತು ನನ್ನ ಕಣ್ಣಿಗೆ ಅದೇ ಹಿತ. ಉಳಿದವನ್ನು ಸುತ್ತಮುತ್ತಲಿನ ಗ್ರಾಮ ಪಂಚಾಯಿತಿ ಗ್ರಂಥಾಲಯದವರು ಯಾರಾದರೂ ತಗೊಳ್ಳುತ್ತಾರಾ? ರದ್ದಿಗೆ ಹಾಕಲು ಮನಸ್ಸಿಲ್ಲ. ವಿಷಯವಾರು ಕಟ್ಟಿ, ಪಟ್ಟಿ ಬರೆದು ಇಟ್ಟಿರುತ್ತೇನೆ.