ಕನ್ನಡ, ಮರಾಠಿ, ಕೊಂಕಣಿಗೆ ಒಂದೇ ಟಿಟಿಎಸ್ (ಪಠ್ಯವನ್ನು ಧ್ವನಿಯಾಗಿಸುವ) ಕೋಡ್ ಸಾಕೇ?

ಪ್ರಶ್ನೆ (ಕೋಥ್ರೂಡ್, ಪುಣೆ): ಪಠ್ಯವನ್ನು ಧ್ವನಿಮಾಗಳಾಗಿ (ಉಚ್ಚಾರದ ಮೂಲ ಘಟಕಗಳಾಗಿ) ಒಡೆಯುವ ಕೋಡನ್ನು ಭಾಷೆಗೊಂದು ಬರೆಯದೆ ನಡೆಸಬಹುದೇ?

ಉತ್ತರ (ಡೊಂಬಿವಲಿ): ಬಹುಮಟ್ಟಿಗೆ. ಅಕ್ಷರಕ್ಕೊಂದು ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಮರಾಠಿಯ ದೇವನಾಗರಿ ಲಿಪಿ 2304ರಿಂದ, ಕನ್ನಡ 3200ರಿಂದ ಶುರು. ದೇವನಾಗರಿ ‘ಕ’ದ ಸಂಖ್ಯೆಗೆ 896 ಕೂಡಿದರೆ ಕನ್ನಡದ ‘ಕ’. ಆದರೆ ಮರಾಠಿ ‘ಡಾಕ್ಟರ್’, ‘ಆಫೀಸ್’ಗಳ ಅರ್ಧಚಂದ್ರದ ಗುರುತಿರುವ ಸ್ವರಕ್ಕೆ 896 ಕೂಡಿದಾಗ ಸಿಗುವ ಜಾಗ ಕನ್ನಡದಲ್ಲಿ ಖಾಲಿ, ಅದನ್ನು ಮೊದಲೇ ಹಿಡಿಯಿರಿ. ಎನ್‌ಎಫ್‌ಸಿ (ಒಂದೇ ಅಕ್ಷರದ ಬೇರೆ ಬೇರೆ ಸಂಕೇತರೂಪಗಳನ್ನು ಒಂದಾಗಿಸುವ ಯೂನಿಕೋಡ್ ಕ್ರಮ) ಮಾಡದಿದ್ದರೆ ‘ಕೊ’ದ ಒತ್ವ ಕೆಲವೆಡೆ ಒಂದು ಸಂಕೇತ, ಕೆಲವೆಡೆ ಎರಡು.

ಉತ್ತರ (ಮಡಗಾಂವ್): ಲಿಪಿ ಹೊಂದಿತು, ಉಚ್ಚಾರ ಹೊಂದದು ಸರ್. ‘ರಾಮ’ ಮರಾಠಿಯಲ್ಲಿ ‘ರಾಮ್’. ಕೊನೆಯ ಅಕಾರ ಬಿಡುವ ನಿಯಮವನ್ನು ಕೋಡಿನೊಳಗೆ ಹೂಳದೆ ಭಾಷೆಗೊಂದು ನಿಯಮದ ಫೈಲಿನಲ್ಲಿಡಿ. ರೋಮಿ (ರೋಮನ್ ಲಿಪಿಯ) ಕೊಂಕಣಿಗಂತೂ 896ರ ಲೆಕ್ಕವೇ ನಡೆಯದು, ಬೇರೆ ಕೋಷ್ಟಕ ಬೇಕು.

ಉತ್ತರ (ಮಾಟುಂಗಾ): ಧ್ವನಿಯಿಂದ ಪಠ್ಯಕ್ಕೂ ಇದನ್ನೇ ಬಳಸುವಿರಾದರೆ ಪದದೋಷ (ತಪ್ಪಾದ ಪದಗಳ ಪ್ರಮಾಣ) ಒಂದನ್ನೇ ನಂಬಬೇಡಿ. ‘ಮನೆಯಲ್ಲಿದ್ದವನಿಗೆ’ ಒಂದಕ್ಷರ ತಪ್ಪಿದರೂ ಇಡೀ ಪದವೇ ತಪ್ಪು. ಅಕ್ಷರದೋಷವನ್ನೂ ಅಳೆಯಿರಿ.